ಪೊಳ್ಳನ್ನೂ ಕಟ್ಟುವ ಯಂತ್ರ

ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತದ ಒಂದು ಎಂಜಿನ್ ಮಾಡಲು ಹಳೆಯ ವಿಧಾನದಲ್ಲಿ 565 ಕಿಲೋ ಲೋಹ ಬೇಕಿತ್ತು. 2024ರ ಮೇ 9ರಂದು ಇಸ್ರೋ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ 665 ಸೆಕೆಂಡು ಉರಿಸಿ ನೋಡಿದ ಎಂಜಿನ್‌ಗೆ ಹಿಡಿದದ್ದು 13.7 ಕಿಲೋ ಲೋಹದ ಪುಡಿ. 14 ಬಿಡಿಭಾಗಗಳಿದ್ದದ್ದು ಒಂದೇ ತುಂಡಾಯಿತು. 19 ಬೆಸುಗೆಗಳು ಬೇಕೇ ಆಗಲಿಲ್ಲ. ಪದರದ ಮೇಲೆ ಪದರ ಕಟ್ಟುವ 3ಡಿ ಪ್ರಿಂಟಿಂಗ್‌ನಿಂದ ಇದನ್ನು ತಯಾರಿಸಿದ್ದು ವಿಪ್ರೋ 3ಡಿ ಕಂಪನಿ.

ಇಷ್ಟಾದರೂ 3ಡಿ ಪ್ರಿಂಟಿಂಗ್ ಅಂದರೆ ಗೊಂಬೆ, ಕೀಚೈನ್ ಮಾಡುವ ಆಟ ಎಂದುಕೊಂಡವರೇ ಜಾಸ್ತಿ. ಇನ್ನು ಕೆಲವರು, ಗುಂಡಿ ಒತ್ತಿದರೆ ಎಲ್ಲವೂ ತಯಾರಾಗುತ್ತದೆ ಅನ್ನುತ್ತಾರೆ. ಎರಡೂ ತಪ್ಪು. ಸಾವಿರಾರು ಬಕೆಟ್ ಬೇಕಿದ್ದರೆ ಅಚ್ಚಿಗೆ ಪ್ಲಾಸ್ಟಿಕ್ ತುಂಬುವ ಹಳೆಯ ಯಂತ್ರವೇ ಸರಿ. ಪ್ರಿಂಟರ್ ಒಂದು ಬಕೆಟ್‌ಗೆ ಗಂಟೆಗಟ್ಟಲೆ ತಿನ್ನುತ್ತದೆ.

ಹಾಗಾದರೆ ಇದರ ಹೆಚ್ಚುಗಾರಿಕೆ ಏನು? ಲೇತ್, ಡ್ರಿಲ್, ಮಿಲ್ಲಿಂಗ್ ಯಂತ್ರ ಎಲ್ಲವೂ ಹೊರಗಿನಿಂದ ಒಳಗೆ ಕೊರೆಯುತ್ತವೆ. ಉಪಕರಣ ಹೋಗಲು ದಾರಿ ಬೇಕು. ಡ್ರಿಲ್ ನೆಟ್ಟಗೆ ಹೋಗುತ್ತದೆ, ಲೋಹದೊಳಗೆ ಹಾವಿನಂತೆ ಹೊರಳುವುದಿಲ್ಲ. ಕೊರೆಯಲಾಗದ ಆಕಾರವನ್ನು ಎಂಜಿನಿಯರು ಬರೆಯಲೂ ಹೋಗುತ್ತಿರಲಿಲ್ಲ.

ರಾಕೆಟ್ ಎಂಜಿನ್‌ಗೆ ಬೇಕಿರುವುದು ಅಂಥದ್ದೇ ಆಕಾರ. ಒಳಗಿನ ಬೆಂಕಿ 3000 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಗೋಡೆಯ ಲೋಹ ಅದಕ್ಕಿಂತ ಎಷ್ಟೋ ಮೊದಲೇ ಕರಗಿಬಿಡುತ್ತದೆ. ಹಾಗಾಗಿ ಇಂಧನವನ್ನು ಉರಿಸುವ ಮೊದಲು ಗೋಡೆಯೊಳಗಿನ ಸಣ್ಣ ಕಾಲುವೆಗಳಲ್ಲಿ ಹರಿಸುತ್ತಾರೆ. ಅದು ಗೋಡೆಯ ಬಿಸಿ ಹೀರಿಕೊಂಡು ಬೆಂಕಿಗೆ ಹೋಗುತ್ತದೆ. ಚಂದ್ರನ ಕಡೆ ಜನರನ್ನು ಕಳಿಸಿದ ಸ್ಯಾಟರ್ನ್-5ರ ಎಫ್-1 ಎಂಜಿನ್‌ನಲ್ಲಿ ಈ ಗೋಡೆಗಾಗಿ ನೂರಾರು ಕೊಳವೆಗಳನ್ನು ಬಗ್ಗಿಸಿ, ಪಕ್ಕಪಕ್ಕ ಇಟ್ಟು ಬೆಸೆದಿದ್ದರು. ಎಂಥ ತಾಳ್ಮೆಯ ಕೆಲಸ! ಒಂದು ಬೆಸುಗೆ ಬಿಟ್ಟುಕೊಂಡರೂ ಗಂಡಾಂತರ.

ಪ್ರಿಂಟರ್ ಕೂದಲಿಗಿಂತ ತೆಳುವಾಗಿ ಪುಡಿ ಹರಡುತ್ತದೆ. ಗೋಡೆ ಬರಬೇಕಾದಲ್ಲಿ ಮಾತ್ರ ಲೇಸರ್ ಅದನ್ನು ಕರಗಿಸುತ್ತದೆ. ಕಾಲುವೆಯ ಜಾಗದಲ್ಲಿ ಪುಡಿ ಹಾಗೇ ಉಳಿಯುತ್ತದೆ. ಮೇಲೆ ಮತ್ತೊಂದು ಪದರ, ಮತ್ತೊಂದು. ಕೊನೆಗೆ ಪುಡಿ ಕೊಡವಿದರೆ ಕಾಲುವೆ ಸಿದ್ಧ. ಗೋಡೆಗೆ ಮಣ್ಣಿನ ಗೂಡು ಕಟ್ಟುವ ಕಣಜವೂ ಮೊದಲು ಮುದ್ದೆ ಮಾಡಿ ಆಮೇಲೆ ಕೊರೆಯುವುದಿಲ್ಲ, ಅಲ್ವಾ? ಖಾಲಿ ಜಾಗದ ಸುತ್ತ ಕಟ್ಟುತ್ತಾ ಹೋಗುತ್ತದೆ. ಹೀಗೆ ಒಂದೇ ತುಂಡಾಗಿ ಪ್ರಿಂಟ್ ಆದ ಎಂಜಿನ್‌ ಹೊತ್ತ ಚೆನ್ನೈನ ಅಗ್ನಿಕುಲ್ ಕಂಪನಿಯ ರಾಕೆಟ್ 2024ರ ಮೇ 30ರಂದು ಶ್ರೀಹರಿಕೋಟಾದಿಂದ ಹಾರಿತು.

ಈ ವಿದ್ಯೆ ಹುಟ್ಟಿದ್ದು ಕಾಯುವ ಬೇಸರದಿಂದ. ಅಮೆರಿಕದ ಚಕ್ ಹಲ್ ಕೆಲಸ ಮಾಡುತ್ತಿದ್ದ ಕಡೆ ಮೇಜಿನ ಮೇಲಿನ ಲೇಪನವನ್ನು ನೇರಳಾತೀತ ಬೆಳಕಿನಿಂದ ಗಟ್ಟಿ ಮಾಡುತ್ತಿದ್ದರು. ಹೊಸ ವಸ್ತುವಿನ ಒಂದು ಮಾದರಿಗೆ ವಾರಗಟ್ಟಲೆ ಕಾಯಬೇಕಿದ್ದ ಕಾಲ. ಅದೇ ಬೆಳಕಿನಿಂದ ದ್ರವವನ್ನು ಪದರ ಪದರವಾಗಿ ಗಟ್ಟಿ ಮಾಡಿ 1983ರಲ್ಲಿ ಅವರು ಒಂದು ಪುಟ್ಟ ಬಟ್ಟಲು ಮಾಡಿದರು. ಜಪಾನಿನ ನಗೋಯಾದಲ್ಲಿ ಹಿಡಿಯೊ ಕೊಡಾಮಾ ಇದೇ ದಾರಿಯನ್ನು ಅದಕ್ಕೂ ಮೊದಲೇ ಕಂಡಿದ್ದರು. ಅವರ ಪೇಟೆಂಟ್ ಕೈಗೂಡಲಿಲ್ಲ. ಕೊಡಾಮಾ ಹೆಸರು ನಮ್ಮ ಪಾಠಗಳಲ್ಲೂ ಬರಬೇಕು.

ಆಗ ಮಾದರಿ ಮಾಡಿದ ಯಂತ್ರವೇ ಈಗ ವಸ್ತುವನ್ನೂ ಮಾಡುತ್ತಿದೆ. ವಿಮಾನದ ಲೀಪ್ ಎಂಜಿನ್‌ನ ಇಂಧನ ನಳಿಕೆಯಲ್ಲಿ ಸುಮಾರು 20 ಭಾಗಗಳಿದ್ದವು. ಈಗ ಅದು ಒಂದೇ ತುಂಡು, ತೂಕವೂ ಕಾಲು ಭಾಗ ಕಡಿಮೆ.

ತೊಡಕುಗಳೂ ಇವೆ. ಕ್ಷಣದಲ್ಲಿ ಕರಗಿ ಕ್ಷಣದಲ್ಲಿ ಆರುವ ಲೋಹ ಒಳಗೊಳಗೇ ಸೆಳೆದುಕೊಂಡು ಡೊಂಕಾಗಬಹುದು. ಪದರಗಳ ನಡುವೆ ಸೂಕ್ಷ್ಮ ರಂಧ್ರ ಉಳಿಯಬಹುದು, ಕಾಲುವೆಯಲ್ಲಿ ಪುಡಿ ಸಿಕ್ಕಿಕೊಳ್ಳಬಹುದು. ಕಣ್ಣಿಗೆ ಇದ್ಯಾವುದೂ ಕಾಣುವುದಿಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ನಮಗೆ ಮಾಡುವಂತೆ ಈ ತುಂಡುಗಳಿಗೂ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಆ ಖರ್ಚನ್ನು ತಾಳಿಕೊಳ್ಳಬಲ್ಲ ವಿಮಾನ, ರಾಕೆಟ್‌ಗಳಲ್ಲಿ ಲೋಹದ ಪ್ರಿಂಟಿಂಗ್ ಬೇಗ ಬೇರೂರಿದೆ.