ವ್ಯಾಯಾಮದ ಮೊದಲ ಎರಡು ತಿಂಗಳು

ವ್ಯಾಯಾಮವನ್ನು ಉತ್ಸಾಹದಿಂದ ಆರಂಭಿಸಿ ಕೆಲವೇ ವಾರಗಳಲ್ಲಿ ಕೈಬಿಟ್ಟವರನ್ನು ಸೋಮಾರಿಗಳೆಂದು, ಛಲವಿಲ್ಲದವರೆಂದು ಹೇಳಿಬಿಡುವುದು ಸುಲಭ. ಆ ವಾರಗಳಲ್ಲಿ ದೇಹದೊಳಗೆ ನಡೆಯುವುದನ್ನು ಗಮನಿಸಿದವರು ಅಷ್ಟು ಕಠಿಣವಾಗಿ ಮಾತನಾಡಲಾರರು. ವ್ಯಾಯಾಮದ ನೋವು ಮರುದಿನವೇ ಬರುತ್ತದೆ. ಕನ್ನಡಿಯಲ್ಲಿ ಕಾಣುವಂಥ ಫಲಕ್ಕೆ ತಿಂಗಳುಗಳು ಹಿಡಿಯುತ್ತವೆ. ಇವೆರಡರ ನಡುವೆ ಆಗುವ ಬದಲಾವಣೆಗಳು ಸಣ್ಣವಲ್ಲವಾದರೂ ಹೊರಗೆ ತೋರುವುದಿಲ್ಲ. ಹೊಸಬರು ಸೋಲುವುದು ಹೆಚ್ಚಾಗಿ ಈ ಅಂತರದಲ್ಲಿ.

ನೋವಿನಿಂದಲೇ ಆರಂಭಿಸೋಣ. ರೂಢಿಯಿಲ್ಲದವರು ಒಂದು ದಿನ ಹುರುಪಿನಿಂದ ನಲವತ್ತು ಬಸ್ಕಿ ಹೊಡೆದರೆ ಅಂದು ಏನೂ ಅನ್ನಿಸದೆ, ಮರುದಿನ ಅಥವಾ ಅದರ ಮರುದಿನ ಮೆಟ್ಟಿಲು ಇಳಿಯುವಾಗ ತೊಡೆಗಳು ಕಿತ್ತು ಬರುವಂತೆ ನೋಯುತ್ತವೆ. ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡದ್ದೇ ಇದಕ್ಕೆ ಕಾರಣವೆಂಬ ಮಾತು ಇಂದಿಗೂ ಕೇಳಿಬರುತ್ತದೆ, ಆದರೆ ಅದು ಸರಿಯಲ್ಲ. ಬಿರುಸಿನ ವ್ಯಾಯಾಮದಲ್ಲಿ ಉಂಟಾಗುವ ಲ್ಯಾಕ್ಟೇಟ್ (ದೇಹದಲ್ಲಿ ಈ ಆಮ್ಲ ಇರುವ ರೂಪ) ಸುಮಾರು ಒಂದು ಗಂಟೆಯೊಳಗೆ ರಕ್ತದಿಂದ ತೆರವಾಗುತ್ತದೆ. ನೋವು ತೀವ್ರವಾಗುವುದು 24ರಿಂದ 72 ಗಂಟೆಗಳ ನಂತರ. ಸ್ನಾಯು ತಾನು ಹಿಗ್ಗುತ್ತಿರುವಾಗಲೇ ಭಾರವನ್ನು ತಡೆಹಿಡಿಯಬೇಕಾದ ಚಲನೆಗಳಲ್ಲಿ, ಅಂದರೆ ಬಸ್ಕಿಯಲ್ಲಿ ಕೆಳಗಿಳಿಯುವಾಗ ಅಥವಾ ಇಳಿಜಾರಿನಲ್ಲಿ ನಡೆಯುವಾಗ, ಅದರ ಎಳೆಗಳಿಗೂ ಅವನ್ನು ಸುತ್ತುವರಿದ ಅಂಗಾಂಶಕ್ಕೂ ಅತಿ ಸೂಕ್ಷ್ಮ ಪ್ರಮಾಣದ ಹಾನಿಯಾಗುತ್ತದೆ, ಮತ್ತು ಅದನ್ನು ಸರಿಪಡಿಸಲು ದೇಹ ಹೂಡುವ ಉರಿಯೂತದಿಂದ ಅಲ್ಲಿನ ನರಗಳು ಹೆಚ್ಚು ಸೂಕ್ಷ್ಮವಾಗುತ್ತವೆ. ಸಮಾಧಾನದ ಸಂಗತಿಯೆಂದರೆ, ಅದೇ ವ್ಯಾಯಾಮವನ್ನು ಒಂದೆರಡು ವಾರಗಳಲ್ಲಿ ಮತ್ತೆ ಮಾಡಿದಾಗ ನೋವು ಮೊದಲಿಗಿಂತ ಬಹಳ ಕಡಿಮೆಯಿರುತ್ತದೆ. ಮೊದಲ ಸಲದ ನೋವಿಗೆ ಹೆದರಿ ನಿಲ್ಲಿಸಿದವರು, ಆ ನೋವು ತಾನಾಗಿಯೇ ತಗ್ಗಲಿರುವ ಹೊತ್ತಿನಲ್ಲಿ ನಿಲ್ಲಿಸಿರುತ್ತಾರೆ ಎಂಬುದು ನನಗೆ ಬೇಸರ ತರುವ ವಿಷಯ. ಕೀಲಿನೊಳಗೆ ಚುಚ್ಚುವ ನೋವು, ಊತ ಅಥವಾ ದಿನಗಳುರುಳಿದಂತೆ ಹೆಚ್ಚುತ್ತಲೇ ಹೋಗುವ ನೋವು ಬೇರೆಯದೇ ವಿಷಯ; ಅದನ್ನು ಸಹಿಸಿಕೊಂಡು ಮುಂದುವರಿಯಬಾರದು.

ಇತ್ತ ಒಳಗಿನ ಕೆಲಸ ಆಗಲೇ ಶುರುವಾಗಿರುತ್ತದೆ. ನಿಯಮಿತವಾಗಿ ಬಿರುಸಾಗಿ ನಡೆಯಲು ಅಥವಾ ಸೈಕಲ್ ತುಳಿಯಲು ತೊಡಗಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾದ ಪ್ರಮಾಣ ಹೆಚ್ಚುತ್ತದೆ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳಬಲ್ಲದಾದ್ದರಿಂದ ಅದೇ ನಡಿಗೆಗೆ ಕಡಿಮೆ ಬಡಿತಗಳು ಸಾಕಾಗುತ್ತವೆ. ಭಾರ ಎತ್ತುವವರ ಶಕ್ತಿಯೂ ಮೊದಲ ವಾರಗಳಲ್ಲೇ ಹೆಚ್ಚುತ್ತದೆ, ಆದರೆ ತೋಳಿನ ಸುತ್ತಳತೆ ಮಾತ್ರ ಹಾಗೇ ಇರುತ್ತದೆ, ಏಕೆಂದರೆ ಆಗ ಕಲಿಯುತ್ತಿರುವುದು ಮುಖ್ಯವಾಗಿ ನರಮಂಡಲ: ಇರುವ ಸ್ನಾಯುವಿನ ಎಳೆಗಳನ್ನೇ ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಹೊಂದಾಣಿಕೆಯಿಂದ ದುಡಿಸುವುದನ್ನು ಅದು ರೂಢಿಸಿಕೊಳ್ಳುತ್ತಿರುತ್ತದೆ. ಸ್ನಾಯುಕೋಶಗಳಲ್ಲಿ ಆಮ್ಲಜನಕವನ್ನು ಬಳಸಿ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳು ವಾರಗಳು ಕಳೆದಂತೆ ವೃದ್ಧಿಸುತ್ತವೆ. 1967ರಲ್ಲಿ ಅಮೆರಿಕದ ಸಂಶೋಧಕ ಜಾನ್ ಹೊಲೊಸ್ಜಿ ಇಲಿಗಳನ್ನು ಓಡಿಸಿ ಮೊದಲು ತೋರಿಸಿಕೊಟ್ಟ ಈ ಸಂಗತಿ ಮನುಷ್ಯರಲ್ಲೂ ದೃಢಪಟ್ಟಿದೆ. ಎಲ್ಲಕ್ಕಿಂತ ನಿಧಾನವಾಗಿ ಗಟ್ಟಿಯಾಗುವುದು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಹುಮ್ಮಸ್ಸಿನ ಹೊಸಬರಿಗೆ ತಿಂಗಳಾಗುವಷ್ಟರಲ್ಲಿ ಹಿಮ್ಮಡಿಯ ಮೇಲೋ ಮಂಡಿಯ ಕೆಳಗೋ ನೋವು ಕಾಣಿಸಿಕೊಳ್ಳಲು ಇದೂ ಒಂದು ಕಾರಣ: ಉಸಿರು ಮತ್ತು ಸ್ನಾಯುಗಳು ಸಿದ್ಧವಾಗಿರುತ್ತವೆ, ರಜ್ಜು ಇನ್ನೂ ಸಿದ್ಧವಾಗಿರುವುದಿಲ್ಲ.

ಹೀಗಾಗಿ ಮೊದಲ ತಿಂಗಳಲ್ಲಿ ಸಾಧ್ಯವಿರುವುದಕ್ಕಿಂತ ಕಡಿಮೆ ಮಾಡುವುದೇ ಸರಿಯಾದ ಕ್ರಮ ಎಂದು ನಾನು ನಂಬುತ್ತೇನೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆಯನ್ನೂ, ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ಇದು ಕ್ರಮೇಣ ತಲುಪಬೇಕಾದ ಅಳತೆಯೇ ಹೊರತು ಮೊದಲ ವಾರದ ಪಾಠವಲ್ಲ. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆಂಬ 2010ರ ಷರತ್ತನ್ನು ಸಂಸ್ಥೆ ಅದೇ ಸಲಹೆಯಲ್ಲಿ ಕೈಬಿಟ್ಟಿತು. ಆದ್ದರಿಂದ ಐದು ನಿಮಿಷದ ನಡಿಗೆಯನ್ನೂ ಕೀಳಾಗಿ ಕಾಣಬೇಕಿಲ್ಲ. ಬಿರುಸನ್ನು ಅಳೆಯಲು ಉಪಕರಣವೂ ಬೇಡ: ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎನ್ನುವಂತಿದ್ದರೆ ಅದು ಸಾಧಾರಣ ಬಿರುಸು. ಹೃದ್ರೋಗ, ಮಧುಮೇಹದಂಥ ತೊಂದರೆ ಇರುವವರು, ನಡೆಯುವಾಗ ಎದೆನೋವು ಅಥವಾ ತಲೆಸುತ್ತು ಬರುವವರು ವೈದ್ಯರನ್ನು ಕಂಡ ಮೇಲೆಯೇ ಆರಂಭಿಸಬೇಕು.

ಇನ್ನು ರೂಢಿಯ ಪ್ರಶ್ನೆ. ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆಂಬ ಮಾತು ಬಹಳ ಪ್ರಚಲಿತ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಹೋದ್ಯೋಗಿಗಳು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಕೆಲಸವೊಂದು ಯೋಚಿಸದೆಯೇ ನಡೆಯುವಷ್ಟು ರೂಢಿಯಾಗಲು ಬೇಕಾದ ಕಾಲದ ಮಧ್ಯಮ ಅಂಕ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು (12 ವಾರಗಳನ್ನು ಮೀರಿದ ಅಂಕಿಗಳು ಲೆಕ್ಕಾಚಾರದ ಅಂದಾಜು). ಈ ಅಧ್ಯಯನದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಇನ್ನೊಂದು ಅಂಶ: ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಗಣನೀಯ ಹಾನಿಯಾಗಲಿಲ್ಲ. ಒಂದು ದಿನ ತಪ್ಪಿತೆಂದು ಎಲ್ಲವೂ ಹಾಳಾಯಿತೆಂದುಕೊಂಡು ಬಿಟ್ಟುಬಿಡುವವರು ಇದನ್ನು ತಿಳಿದಿರಬೇಕು. ಆರಂಭಕ್ಕೆ ನೆರವಾಗುವ ಇನ್ನೊಂದು ಸಂಗತಿ 2002ರಲ್ಲಿ ಬ್ರಿಟನ್ನಿನ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದಿಂದ ತಿಳಿಯಿತು. ವ್ಯಾಯಾಮ ಹೃದಯಕ್ಕೆ ಎಷ್ಟು ಒಳ್ಳೆಯದೆಂದು ಓದಿಕೊಂಡವರಲ್ಲಿ ಮುಂದಿನ ವಾರ ವ್ಯಾಯಾಮ ಮಾಡಿದವರು ಶೇ. 35, ಅದನ್ನು ಓದಿ, ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಮಾಡುತ್ತೇನೆಂದು ಬರೆದುಕೊಂಡವರಲ್ಲಿ ಶೇ. 91. ನಾಳೆಯಿಂದ ಮಾಡುತ್ತೇನೆ ಎಂಬ ಸಂಕಲ್ಪಕ್ಕೆ ಒಂದು ಗಳಿಗೆ, ಒಂದು ಜಾಗ ನಿಗದಿಯಾಗದಿದ್ದರೆ, ಪ್ರತಿದಿನವೂ ಮನಸ್ಸು ಹೊಸದಾಗಿ ವಾದ ಮಾಡಬೇಕಾಗುತ್ತದೆ.

ವಯಸ್ಸು ಮೀರಿತು ಎನ್ನುವವರಿಗಾಗಿ ಡಲ್ಲಾಸ್ ನಗರದ ಐವರ ಕಥೆ. 1966ರಲ್ಲಿ, ಸುಮಾರು 20ರ ವಯಸ್ಸಿನಲ್ಲಿ, ಅವರು ಸಂಶೋಧಕರ ಕೋರಿಕೆಯಂತೆ 3 ವಾರ ಹಾಸಿಗೆಯಲ್ಲೇ ಮಲಗಿದ್ದರು. ಅವರ ದೇಹ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣ ತೀವ್ರವಾಗಿ ಕುಸಿಯಿತು. 30 ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಅಷ್ಟೂ ವರ್ಷಗಳ ಮುಪ್ಪು ಮಾಡಿದ ನಷ್ಟಕ್ಕಿಂತ ಆ 3 ವಾರಗಳ ನಷ್ಟವೇ ಹೆಚ್ಚಿತ್ತು. ಆಮೇಲೆ ಅವರು 6 ತಿಂಗಳ ಕಾಲ ನಡಿಗೆ, ನಿಧಾನದ ಓಟ, ಸೈಕಲ್ ತುಳಿತಗಳನ್ನು ಸಣ್ಣದಾಗಿ ಆರಂಭಿಸಿ ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋದರು. ಐವತ್ತು ದಾಟಿದ್ದ ಅವರ ಸರಾಸರಿ ಸಾಮರ್ಥ್ಯ, 1966ರಲ್ಲಿ ಹಾಸಿಗೆ ಹಿಡಿಯುವ ಮೊದಲು ಇದ್ದ ಮಟ್ಟಕ್ಕೆ ಮರಳಿತು.