ಎಲ್‌ಕೆಜಿ ಮಕ್ಕಳ ಒಂದು ದಿನ: ದಿನಚರಿ ಹಾಕುವಾಗ ನಾನು ಎಡವಿದ ಜಾಗ

ಪೂರ್ವ ಪ್ರಾಥಮಿಕ ಶಿಕ್ಷಕರ ತರಬೇತಿಯಲ್ಲಿರುವ ನಮಗೆಲ್ಲ ‘ದಿನಚರಿ ಯೋಜನೆ’ ಅನ್ನುವ ಪಾಠ ಬರುತ್ತದೆ. ಓದುವಾಗ ಇಷ್ಟೇ ತಾನೇ ಅನಿಸಿತ್ತು. ಒಂದು ಕೋಷ್ಟಕ ಎಳೆದು, ಎಡಗಡೆ ಸಮಯ, ಬಲಗಡೆ ಚಟುವಟಿಕೆ ಬರೆದರೆ ಮುಗಿಯಿತು. ಅಭ್ಯಾಸ ಬೋಧನೆಗೆಂದು ಎರಡು ವಾರ ಸರ್ಕಾರಿ ಶಾಲೆಯ ಎಲ್‌ಕೆಜಿಯಲ್ಲೂ ಒಂದು ವಾರ ಅಂಗನವಾಡಿಯಲ್ಲೂ ಇದ್ದು ಬಂದಿದ್ದೇನೆ. ನನ್ನ ಕೋಷ್ಟಕ ಮೊದಲ ದಿನ ಹನ್ನೊಂದು ಗಂಟೆಗೇ ಕೈಬಿಟ್ಟಿತು. ಯಾಕೆ ಅನ್ನುವುದು ಈಗಷ್ಟೇ ಬಿಡಿಸಿಕೊಂಡಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹಿನ್ನೆಲೆ, ಪರೀಕ್ಷೆಗೆ ಬೇಕಾದಷ್ಟು

ಫ್ರೋಬೆಲ್ 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಚಿಕ್ಕಮಕ್ಕಳ ಶಾಲೆ ತೆರೆದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಮಾಂಟೆಸ್ಸೊರಿ ಅವರ ಮೊದಲ ‘ಮಕ್ಕಳ ಮನೆ’ ರೋಮ್‌ನಲ್ಲಿ 1907ರ ಜನವರಿ 6ರಂದು ಶುರುವಾಯಿತು. ನಮ್ಮಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದರು. ಅಂಗನವಾಡಿಯನ್ನು ನಡೆಸುವ ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಬಂತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನದನ್ನು ಬುನಾದಿ ಹಂತ ಎಂದು ಕರೆದು, ಶಾಲೆಗೆ ಮುಂಚಿನ ಮೂರು ವರ್ಷವನ್ನೂ ಒಂದು, ಎರಡನೇ ತರಗತಿಯನ್ನೂ ಒಂದೇ ಕಟ್ಟಿನಲ್ಲಿ ಸೇರಿಸಿತು. ಅದರ ಪಠ್ಯಕ್ರಮ ಚೌಕಟ್ಟು 2022ರ ಅಕ್ಟೋಬರ್‌ನಲ್ಲಿ ಹೊರಬಂತು. ಇಸವಿಗಳನ್ನು ಬಾಯಿಪಾಠ ಮಾಡಿದರೆ ಸಾಕು, ಇದರಲ್ಲಿ ತೊಡಕೇನಿಲ್ಲ.

ಮಕ್ಕಳಿಗೆ ಗಡಿಯಾರ ಇಲ್ಲ

ಬೆಳಗ್ಗೆ ಒಂಬತ್ತೂವರೆ. ಗೇಟಿನ ಹತ್ತಿರ ಒಬ್ಬ ಹುಡುಗ ಅಜ್ಜಿಯ ಸೆರಗು ಹಿಡಿದು ಬಿಡುತ್ತಿಲ್ಲ. ‘ಅಜ್ಜಿ ಒಂದೂವರೆಗೆ ಬರ್ತಾರೆ ಪುಟ್ಟಾ’ ಅಂದೆ. ಅಳು ಹೆಚ್ಚಾಯಿತು. ತರಗತಿಯ ಟೀಚರ್ ಬಂದು, ‘ಆಟ ಆಡ್ತೀವಿ, ತಿಂಡಿ ತಿಂತೀವಿ, ಕಥೆ ಕೇಳ್ತೀವಿ, ಊಟ ಮಾಡ್ತೀವಿ, ಆಮೇಲೆ ಅಜ್ಜಿ’ ಅಂತ ಒಂದೊಂದಕ್ಕೂ ಅವನ ಒಂದೊಂದು ಬೆರಳು ಮಡಿಸಿದರು. ಐದನೇ ಬೆರಳು ಅಜ್ಜಿ. ಅವನು ಆ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡೇ ಒಳಗೆ ಬಂದ.

ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಎಂದು ಅಧ್ಯಯನ ಮಾಡಿದ ಪಿಯಾಜೆ ಹೇಳುವ ಪೂರ್ವಕ್ರಿಯಾತ್ಮಕ ಹಂತ, ಅಂದರೆ ಸುಮಾರು 2ರಿಂದ 7 ವರ್ಷ, ನನಗೆ ತಲೆಗೆ ಹೋದದ್ದು ಅವತ್ತು. ನಾಲ್ಕು ವರ್ಷದ ಮಗುವಿಗೆ ‘ಒಂದೂವರೆ’ ಅನ್ನುವುದು ಬರೀ ಸದ್ದು. ‘ಊಟ ಆದಮೇಲೆ’ ಅನ್ನುವುದು ಸಮಯ. ಹಾಗಾಗಿ ದಿನಚರಿಯಲ್ಲಿ ಐದು ಹತ್ತು ನಿಮಿಷ ಹಿಂದೆ ಮುಂದೆ ಆದರೂ ನಡೆಯುತ್ತದೆ, ಅನುಕ್ರಮ ಮಾತ್ರ ದಿನಾ ಅದೇ ಇರಬೇಕು. ಕಥೆ ಒಂದು ದಿನ ಊಟಕ್ಕೆ ಮುಂಚೆ, ಇನ್ನೊಂದು ದಿನ ಊಟವಾದ ಮೇಲೆ ಬಂದರೆ ಮಗುವಿನ ಗಡಿಯಾರ ಕೆಟ್ಟ ಹಾಗೆ. ಗೋಡೆಗೆ ಮಗುವಿನ ಕಣ್ಣಿನ ಎತ್ತರದಲ್ಲಿ ಚಿತ್ರದ ದಿನಚರಿ ಅಂಟಿಸಿ ಅನ್ನುವುದಕ್ಕೆ ಕಾರಣವೂ ಇದೇ. ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ.

ಇನ್ನೊಂದು ಮಾತು. ಅಳುವ ಮಗುವಿನ ಕಣ್ಣು ತಪ್ಪಿಸಿ ಹೊರಟುಹೋಗಿ ಎಂದು ಮನೆಯವರಿಗೆ ಹೇಳಬಾರದು. ಹೇಳಿಯೇ ಹೋಗಲಿ. ಅಳು ಬೇಗ ನಿಲ್ಲದಿರಬಹುದು, ಆದರೆ ನಾಳೆ ಬೆಳಗ್ಗೆ ಮಗು ಬಾಗಿಲನ್ನೇ ಕಾಯುತ್ತಾ ಕೂರುವುದಿಲ್ಲ.

ಮುಕ್ತ ಆಟ ಅಂದರೆ ಹೊರಗಿನ ಆಟ ಅಲ್ಲ

ಇದು ಚಿಕ್ಕ ಗೊಂದಲ. ಬಂದ ತಕ್ಷಣದ ಮುಕ್ತ ಆಟದಲ್ಲಿ ಮೂಲೆಗಳಿರುತ್ತವೆ: ಗೊಂಬೆ, ಬ್ಲಾಕ್ಸ್, ಪುಸ್ತಕ, ಹುಣಸೆಬೀಜ. ಯಾವುದು ಬೇಕು ಅಂತ ಮಗುವೇ ಆರಿಸಿಕೊಳ್ಳುತ್ತದೆ, ಅದಕ್ಕೇ ‘ಮುಕ್ತ’. ಒಳಗಾದರೂ ಸರಿ, ಹೊರಗಾದರೂ ಸರಿ. ಹೊರಾಂಗಣ ಆಟ ಅನ್ನುವುದು ಜಾಗದ ಮಾತು. ಕೆರೆ-ದಡ ಆಡಿಸಿದರೆ ಅದು ಹೊರಾಂಗಣ ಆಟ, ಆದರೆ ಮುಕ್ತ ಅಲ್ಲ. ಇಬ್ಬರು ಮಕ್ಕಳು ಅಕ್ಕಪಕ್ಕ ಕೂತು ಮಾತಿಲ್ಲದೆ ತಮ್ಮ ತಮ್ಮ ಬ್ಲಾಕ್ಸ್ ಜೋಡಿಸುತ್ತಿದ್ದರೆ ಅವರನ್ನು ಸೇರಿಸಲು ಹೋಗಬೇಡಿ. ಅದು ಮಕ್ಕಳ ಆಟವನ್ನು ಅಧ್ಯಯನ ಮಾಡಿದ ಪಾರ್ಟನ್ 1932ರಲ್ಲಿ ಗುರುತಿಸಿದ ಸಮಾನಾಂತರ ಆಟ.

ಎಡವಿದ ಜಾಗ: ದಾಟುವ ಹೊತ್ತು

ನನ್ನ ಕೋಷ್ಟಕ ಹೀಗಿತ್ತು. ಒಂಬತ್ತೂವರೆಯಿಂದ ಒಂದೂವರೆ, ಒಟ್ಟು 240 ನಿಮಿಷ. ಮುಕ್ತ ಆಟ, ಸರ್ಕಲ್ ಟೈಮ್ (ಎಲ್ಲರೂ ವೃತ್ತವಾಗಿ ಕೂತು ಮಾತಾಡುವ, ಹಾಡುವ ಹೊತ್ತು), ಎಣಿಕೆ ಆಟ, ತಿಂಡಿ, ಹೊರಾಂಗಣ ಆಟ, ಕಥೆ, ಚಿತ್ರ, ಊಟ ಮಾಡಿ ಹೊರಡುವುದು. ಎಂಟು ಚಟುವಟಿಕೆ, ತಲಾ 30 ನಿಮಿಷ. ಲೆಕ್ಕ ಸರಿಯಾಗಿ ಕೂತಿತ್ತು. ಎಂಟು ಚಟುವಟಿಕೆಗಳ ನಡುವೆ ಏಳು ಸಂದುಗಳಿವೆ ಅನ್ನುವುದೇ ನನಗೆ ಕಂಡಿರಲಿಲ್ಲ. ಪುಸ್ತಕ ಇದನ್ನು ಟ್ರಾನ್ಸಿಷನ್ ಅನ್ನುತ್ತದೆ. ನಾನು ದಾಟುವ ಹೊತ್ತು ಅಂತ ಬರೆದುಕೊಂಡಿದ್ದೇನೆ.

ತರಗತಿಯಲ್ಲಿ 26 ಮಕ್ಕಳು, ಹೊರಗೆ 2 ನಲ್ಲಿ. ತಿಂಡಿಗೆ ಮುಂಚೆ ಕೈ ತೊಳೆಯಬೇಕು. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಬೇಕು. ತೋಳು ಮಡಿಸಿ, ಒದ್ದೆ ಮಾಡಿ, ತೊಳೆದು ಮುಗಿಸುವಷ್ಟರಲ್ಲಿ ಒಂದು ಮಗುವಿಗೆ 40 ಸೆಕೆಂಡ್. ಒಂದು ನಲ್ಲಿಗೆ 13 ಮಕ್ಕಳು, 13 × 40 = 520 ಸೆಕೆಂಡ್, ಹತ್ತಿರ ಹತ್ತಿರ 9 ನಿಮಿಷ. ಊಟಕ್ಕೆ ಮುಂಚೆ ಇನ್ನೊಂದು 9. ಉಳಿದ ಐದು ಸಂದುಗಳಿಗೆ ತಲಾ 5 ನಿಮಿಷ ಹಿಡಿದರೆ 25. ಒಟ್ಟು 43 ನಿಮಿಷ ಹೋಯಿತು. ಉಳಿದದ್ದು 197. ಅದನ್ನು ಎಂಟಕ್ಕೆ ಹಂಚಿದರೆ ಒಂದೊಂದಕ್ಕೆ 25 ನಿಮಿಷವೂ ಇಲ್ಲ. ನಾನು ಅರ್ಧ ಗಂಟೆಗೆಂದು ತಯಾರು ಮಾಡಿದ್ದ ಕಥೆಯನ್ನು ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬಂದದ್ದು ಇದಕ್ಕೇ.

ಇಲ್ಲಿವರೆಗೆ ಸುಲಭ. ನಿಜವಾಗಿ ನನ್ನನ್ನು ಕಾಡಿದ್ದು ಮುಂದಿನ ಹೆಜ್ಜೆ. ಟೀಚರ್ ಹೇಳಿದ್ದು: ‘ಎಲ್ಲರನ್ನೂ ಒಟ್ಟಿಗೆ ಕಳಿಸಬೇಡಮ್ಮ, ನಾಲ್ಕು ನಾಲ್ಕು ಜನ ಕಳಿಸು.’ ನನಗೆ ಅರ್ಥವಾಗಲಿಲ್ಲ. ನಲ್ಲಿ ಎರಡೇ ಇದ್ದಮೇಲೆ ನಾಲ್ಕು ನಾಲ್ಕು ಕಳಿಸಿದರೂ 9 ನಿಮಿಷ, ಒಟ್ಟಿಗೆ ಕಳಿಸಿದರೂ 9 ನಿಮಿಷ. ಏನು ಉಳಿಯಿತು? ರಾತ್ರಿ ಹಾಸ್ಟೆಲಿನಲ್ಲಿ ಕೂತು ಲೆಕ್ಕ ಹಾಕಿದಮೇಲೆ ಗೊತ್ತಾಯಿತು. ಅಳೆಯಬೇಕಾದ್ದು ಕೆಲಸ ಮುಗಿಯುವ ಸಮಯವನ್ನಲ್ಲ, ಒಂದೊಂದು ಮಗು ಸುಮ್ಮನೆ ನಿಲ್ಲುವ ಸಮಯವನ್ನು.

ಒಟ್ಟಿಗೆ ಸಾಲು ನಿಲ್ಲಿಸಿದಾಗ ನೋಡಿ. ಮೊದಲನೆಯ ಮಗು ಕಾಯುವುದೇ ಇಲ್ಲ. ಎರಡನೆಯದು 40 ಸೆಕೆಂಡ್ ಕಾಯುತ್ತದೆ, ಮೂರನೆಯದು 80. ಹೀಗೇ ಹೋದರೆ ಹದಿಮೂರನೆಯದು 480 ಸೆಕೆಂಡ್, ಅಂದರೆ 8 ನಿಮಿಷ. ಸರಾಸರಿ 4 ನಿಮಿಷ. 26 ಮಕ್ಕಳು × 4 = 104 ನಿಮಿಷದಷ್ಟು ಬರೀ ನಿಲ್ಲುವುದು. ತಳ್ಳಾಟ, ಜುಟ್ಟು ಎಳೆಯುವುದು, ‘ಮಿಸ್, ಇವ್ನು ನನ್ನ ಮುಂದೆ ಬಂದ’ ಎಲ್ಲ ಹುಟ್ಟುವುದು ಆ 104 ನಿಮಿಷದಲ್ಲಿ.

ಈಗ ನಾಲ್ಕು ನಾಲ್ಕು. ಇಬ್ಬರು ನಲ್ಲಿಯಲ್ಲಿ, ಇಬ್ಬರು ಹಿಂದೆ. ಮೊದಲಿಬ್ಬರು ಕಾಯುವುದು ಸೊನ್ನೆ, ಹಿಂದಿನಿಬ್ಬರು 40 ಸೆಕೆಂಡ್. ಸರಾಸರಿ 20 ಸೆಕೆಂಡ್. 26 × 20 = 520 ಸೆಕೆಂಡ್, ಮತ್ತೆ ಸುಮಾರು 9 ನಿಮಿಷ. 104 ಇದ್ದದ್ದು 9ಕ್ಕೆ ಇಳಿಯಿತು! ಕೊಠಡಿಯಲ್ಲಿ ಉಳಿದವರು ಚಾಪೆ ಮೇಲೆ ಕೂತು ಬೆರಳಾಟದ ಹಾಡು ಹೇಳುತ್ತಿರುತ್ತಾರೆ. ನಲ್ಲಿ ಹತ್ತಿರ ಆಯಮ್ಮ, ಒಳಗೆ ಟೀಚರ್. 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬರು ದೊಡ್ಡವರಿರಬೇಕು ಎಂದು 2013ರ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಹೇಳುವುದರ ಅರ್ಥ ನನಗೆ ಆಗಿದ್ದು ನಲ್ಲಿಯ ಹತ್ತಿರ. ಒಬ್ಬರೇ ಇದ್ದರೆ ಹಾಡು ಬಿಟ್ಟು ನಲ್ಲಿಗೆ ಹೋಗಬೇಕು, ಇಲ್ಲವೇ ಎಲ್ಲರನ್ನೂ ಸಾಲು ನಿಲ್ಲಿಸಬೇಕು. ಬೇರೆ ದಾರಿ ಇಲ್ಲ.

ಕಳಿಸುವುದೇ ಪಾಠ

ಯಾವ ನಾಲ್ವರನ್ನು ಕಳಿಸಬೇಕು? ‘ಕೆಂಪು ಬಟ್ಟೆ ಹಾಕಿದವರು ಏಳಿ’ ಅನ್ನಬಹುದು. ‘ಹೆಸರು ಸ-ದಿಂದ ಶುರುವಾಗುವವರು ಏಳಿ’ ಅಂದರೆ ಧ್ವನಿಯ ಅರಿವಿನ ಪಾಠವೂ ಆಯಿತು. ಮೂರನೇ ದಿನ ನಾನು ‘ಕ’ ಅಂದೆ. ‘ಕಾ’ದಿಂದ ಹೆಸರು ಶುರುವಾಗುವ ಹುಡುಗಿ ಏಳಲಿಲ್ಲ. ‘ನೀನೂ ಏಳಮ್ಮ’ ಅಂದೆ. ‘ನಂದು ಕ ಅಲ್ಲ ಮಿಸ್, ಕಾ’ ಅಂದಳು, ತುಟಿ ಅಗಲಿಸಿ, ಕಾ ಎಳೆದು ತೋರಿಸಿ.

ಅವಳು ಹೇಳಿದ್ದೇ ಸರಿ. ಇಂಗ್ಲಿಷ್ ಫೋನಿಕ್ಸ್ ಪುಸ್ತಕಗಳಲ್ಲಿ ಒಂದು ವ್ಯಂಜನದ ಸದ್ದನ್ನು ಬಿಡಿಸಿ ಕೇಳಿಸುತ್ತಾರೆ. ನಾನು ಅದನ್ನೇ ತಲೆಯಲ್ಲಿಟ್ಟುಕೊಂಡಿದ್ದೆ. ಕನ್ನಡದ ಮಗುವಿನ ಕಿವಿಗೆ ಮೊದಲು ಸಿಗುವುದು ಇಡೀ ಅಕ್ಷರ. ಕ, ಕಾ, ಕಿ ಅದಕ್ಕೆ ಮೂರು ಬೇರೆ ಬೇರೆ ಸದ್ದು. ವ್ಯಂಜನ ಒಂದೇ, ಸ್ವರ ಬೇರೆ ಎಂದು ಒಡೆದು ನೋಡುವುದು ಕಾಗುಣಿತ ಕಲಿಯುವಾಗ ಬರುವ ತಿಳಿವಳಿಕೆ. ಆದ್ದರಿಂದ ಎಲ್‌ಕೆಜಿಯಲ್ಲಿ ‘ಕಾ, ಕಾಗೆಯ ಕಾ’ ಎಂದೇ ಕೇಳಿ. ಒಂದು ಅಕ್ಷರಕ್ಕೆ ನಾಲ್ಕು ಜನ ಸಿಗದಿದ್ದರೆ ಎರಡು ಅಕ್ಷರ ಕೂಗಿ.

ಓಡು, ಇಳಿ, ಕೂರು

ಓಡಾಟದ ಚಟುವಟಿಕೆ ಆದಮೇಲೆ ಶಾಂತ ಚಟುವಟಿಕೆ ಇರಬೇಕು ಎಂದು ಎಲ್ಲರೂ ಬರೆಯುತ್ತೇವೆ. ನಾನೂ ಹೊರಾಂಗಣ ಆಟದ ಬೆನ್ನಿಗೇ ಕಥೆ ಇಟ್ಟಿದ್ದೆ. ಮಕ್ಕಳು ಏದುಸಿರು ಬಿಡುತ್ತಾ ಬಂದರು. ಒಬ್ಬನಿಗೆ ನೀರು, ಇಬ್ಬರಿಗೆ ಬಾತ್‌ರೂಮು, ಒಬ್ಬಳ ಚಪ್ಪಲಿ ಸಿಗುತ್ತಿಲ್ಲ. ಕಥೆಯ ಮೊದಲ ಪುಟ ನಾಲ್ಕು ಸಲ ಶುರುವಾಯಿತು. ಓಡಿದ ಮೈ ಒಮ್ಮೆಗೇ ಕೂರುವುದಿಲ್ಲ, ನಡುವೆ ಒಂದು ಇಳಿಜಾರು ಬೇಕು. ಈಗ ನಾನು ಮೂರು ಪದ ನೆನಪಿಟ್ಟುಕೊಂಡಿದ್ದೇನೆ: ಓಡು, ಇಳಿ, ಕೂರು. ಆಟ, ಕೈ ತೊಳೆದು ತಿಂಡಿ, ಕಥೆ. ತಿಂಡಿಯೇ ಇಳಿಜಾರು. ಕೋಷ್ಟಕದಲ್ಲಿ ತಿಂಡಿಯನ್ನೂ ಹೊರಾಂಗಣ ಆಟವನ್ನೂ ಅದಲು ಬದಲು ಮಾಡಿದೆ, ಅಷ್ಟೇ. ಮರುದಿನ ಕಥೆ ಪೂರ್ತಿ ಮುಗಿಯಿತು.

ತಿಂಡಿ ಇಲ್ಲದ ಕಡೆ ಕೆರೆ-ದಡವನ್ನೇ ನಿಧಾನಿಸಿ. ಮೊದಲು ‘ಕೆರೆ’, ‘ದಡ’ ಎಂದು ಜೋರಾಗಿ ಕೂಗಿ ಜಿಗಿಸಿ. ಆಮೇಲೆ ಜಿಗಿಯದೆ ಹೆಜ್ಜೆ ಇಡಲಿ. ಆಮೇಲೆ ತುದಿಗಾಲಲ್ಲಿ. ನಿಮ್ಮ ದನಿಯೂ ಇಳಿಯುತ್ತಾ ಹೋಗಲಿ. ಕೊನೆಗೆ ಎಲ್ಲರೂ ಕೂತು ನೆಲದ ಸೀಮೆಸುಣ್ಣದ ಗೆರೆಯ ಆಚೆ ಈಚೆ ಬೆರಳು ಮಾತ್ರ ದಾಟಿಸಲಿ, ನೀವು ಪಿಸುಮಾತಲ್ಲಿ ಹೇಳಿ. ನಾನು ಮೂರು ದಿನ ಮಾಡಿದೆ, ಮೂರು ದಿನವೂ ಪಿಸುಮಾತಿನ ಹೊತ್ತಿಗೆ ಕೊಠಡಿ ಶಾಂತವಾಗಿತ್ತು. ಕೂಗಿದ ತಕ್ಷಣ ಹಾರದೆ, ಕೇಳಿ ತಡೆದು ಹಾರುವುದು ಈ ವಯಸ್ಸಿನ ದೊಡ್ಡ ಕಲಿಕೆ. ಅದಕ್ಕೂ ಈ ಆಟ ಆಗುತ್ತದೆ.

ಉಳಿದದ್ದು

ಸರ್ಕಲ್ ಟೈಮ್‌ನಲ್ಲಿ 15 ನಿಮಿಷ ದಾಟಬೇಡಿ. ಎಣಿಕೆಗೆ ಹುಣಸೆಬೀಜಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ, ಆದರೆ ಮೂಗಿಗೆ ಹಾಕಿಕೊಳ್ಳುವವರ ಮೇಲೆ ಕಣ್ಣಿರಲಿ. ಬರವಣಿಗೆಗೆ ಅವಸರ ಬೇಡ. ಜೇಡಿಮಣ್ಣು ನಾದುವುದು, ಕಾಗದ ಹರಿಯುವುದು, ಮಣಿ ಪೋಣಿಸುವುದು ಎಲ್ಲ ಬೆರಳಿನ ತಯಾರಿಯೇ. ಮುಂದೆ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ತರಗತಿಯಲ್ಲಿ ಅಕ್ಷರಗಳು ಅ, ಆ, ಇ ಸಾಲಿನಲ್ಲಿ ಬರುವುದಿಲ್ಲ, ರ, ಗ, ಸ, ದ, ಅ ಎಂದು ಶುರುವಾಗುತ್ತವೆ. ಎಲ್‌ಕೆಜಿಯಲ್ಲೇ ಇಡೀ ವರ್ಣಮಾಲೆ ತಿದ್ದಿಸಿ ಎನ್ನುವ ಪೋಷಕರಿಗೆ ಇದನ್ನು ಹೇಳಿ.

ಊಟದ ಬಗ್ಗೆ ಎರಡು ಮಾತು. ಅಂಗನವಾಡಿಯಲ್ಲಿ 3ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಇಷ್ಟು ಕ್ಯಾಲೊರಿ, ಇಷ್ಟು ಪ್ರೋಟೀನ್ ಸಿಗಬೇಕು ಎಂಬ ನಿಯಮವಿದೆ, ಇದು ಪರೀಕ್ಷೆಗೆ. ನಾನು ನೋಡಿದ್ದು ಬೇರೆ. ಒಬ್ಬ ಹುಡುಗ ಬೇಯಿಸಿದ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಕುಟ್ಟಿ, ಉಗುರಿನಲ್ಲಿ ಚೂರು ಚೂರೇ ಸಿಪ್ಪೆ ತೆಗೆದು, ಪೊರೆ ಸಿಕ್ಕಲ್ಲಿ ಉಸಿರು ಬಿಗಿಹಿಡಿದು ಎಳೆದ. ಆರು ನಿಮಿಷ ಹಿಡಿಯಿತು. ನನ್ನ ಕೈ ಎರಡು ಸಲ ಮುಂದೆ ಹೋಗಿತ್ತು. ಕಾರ್ಯಕರ್ತೆ ಕಣ್ಣಲ್ಲೇ ಬೇಡ ಅಂದರು. ಸೂಕ್ಷ್ಮ ಸ್ನಾಯುಗಳ ಬೆಳವಣಿಗೆಗೆ ಉದಾಹರಣೆ ಕೊಡಿ ಎಂದು ಕೇಳಿದರೆ ನಾನು ಆ ಮೊಟ್ಟೆಯನ್ನೇ ಬರೆಯುತ್ತೇನೆ. ಊಟಕ್ಕೆ 30 ನಿಮಿಷ ಸಾಲದು, 40 ಇಡಿ.

ಹೊರಡುವ ಮುನ್ನ ಹತ್ತು ನಿಮಿಷ ಗೋಡೆಯ ಚಿತ್ರಗಳ ಮುಂದೆ ಕೂರಿಸಿ, ಇವತ್ತು ಯಾವುದು ಇಷ್ಟವಾಯಿತು ಎಂದು ಒಬ್ಬೊಬ್ಬರಿಂದ ಮುಟ್ಟಿಸಿ. ಮನೆಯಲ್ಲಿ ‘ಏನ್ ಮಾಡ್ದೆ ಇವತ್ತು?’ ಎಂದು ಕೇಳಿದರೆ ‘ಏನಿಲ್ಲ’ ಅನ್ನುವ ಮಗುವಿಗೂ ಆಗ ಹೇಳಲು ಒಂದು ವಿಷಯ ಕೈಯಲ್ಲಿರುತ್ತದೆ.

ನನಗೆ ಇನ್ನೂ ಬಗೆಹರಿಯದ ಸಂದು ಚಪ್ಪಲಿಯದು. 26ರಲ್ಲಿ ಒಂಬತ್ತು ಮಕ್ಕಳಿಗೆ ಬಕಲ್ ಹಾಕಲು ಬರುವುದಿಲ್ಲ. ಹೊರಗೆ ಹೋಗುವಾಗ ಒಮ್ಮೆ, ಮನೆಗೆ ಹೊರಡುವಾಗ ಒಮ್ಮೆ ಅವರು ಕಾಲು ಚಾಚಿ ಕಾಯುತ್ತಾರೆ. ಗುಂಡಿ, ಬಕಲ್, ಲೇಸು ಅಭ್ಯಾಸ ಮಾಡಲು ಮಾಂಟೆಸ್ಸೊರಿ ಚೌಕಟ್ಟುಗಳನ್ನೇ ಮಾಡಿಸಿದ್ದರು. ಚೌಕಟ್ಟು ನಮ್ಮಲ್ಲಿಲ್ಲ. ಸೋಮವಾರ ಮನೆಯಿಂದ ಎರಡು ಜೊತೆ ಹಳೇ ಚಪ್ಪಲಿ ತೊಳೆದು ತಂದು ಗೊಂಬೆ ಮೂಲೆಯಲ್ಲಿ ಇಡಬೇಕು ಅಂದುಕೊಂಡಿದ್ದೇನೆ.