ಅದುಮಿ ಹಿಡಿದ ಸ್ಫಟಿಕ ಏಕೆ ಸುಮ್ಮನಾಗುತ್ತದೆ? ಆಯಸ್ಕಾಂತ ಮತ್ತು ಪೀಜೋ ವಿದ್ಯುತ್ತಿನ ಟಿಪ್ಪಣಿ

ಸುರುಳಿಯೊಂದರ ಮೂಲಕ ಹಾಯುವ ಕಾಂತ ಬಲರೇಖೆಗಳು ಬದಲಾಗುತ್ತಿರುವಷ್ಟು ಹೊತ್ತು ಮಾತ್ರ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಫ್ಯಾರಡೆ 1831ರಲ್ಲಿ ಕಂಡುಕೊಂಡರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತೂ ಇದೇ ತತ್ತ್ವದ್ದು. ಅಲ್ಲಿ ಶಕ್ತಿ ಕೊಟ್ಟದ್ದು ಧುಮುಕುವ ಕಾವೇರಿಯೇ ಹೊರತು ಯಂತ್ರದೊಳಗಿನ ಕಾಂತವಲ್ಲ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಪೆಡಲನ್ನು ಕೈಯಿಂದ ತಿರುಗಿಸುತ್ತ, ಡೈನಮೊ ತಂತಿಯನ್ನು ಬಲ್ಬಿಗೆ ಒಮ್ಮೆ ಸೇರಿಸಿ ಒಮ್ಮೆ ಬಿಡಿಸಿ ನೋಡಿ: ಬಲ್ಬು ಹೊತ್ತಿದೊಡನೆ ಪೆಡಲು ಭಾರವಾಗುತ್ತದೆ. ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ವಿರೋಧಿಸುತ್ತದೆ ಎಂಬ ಲೆಂಜ್ ನಿಯಮ ನನಗೆ ಮನದಟ್ಟಾದದ್ದು ಆ ಭಾರದಿಂದ.

ಕೆಲವು ಸ್ಫಟಿಕಗಳನ್ನು ಒತ್ತಿದಾಗ ವಿದ್ಯುತ್ ಹುಟ್ಟುವ ಪೀಜೋ ಪರಿಣಾಮವನ್ನು ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ಇಲ್ಲಿ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಒಂದೇ. ಒತ್ತಿದರೆ ವಿದ್ಯುತ್ ಬರುವುದಾದರೆ, ಸ್ಫಟಿಕದ ಮೇಲೊಂದು ಗುಂಡುಕಲ್ಲು ಹೇರಿಟ್ಟರೆ ಅದು ಸದಾ ಬರುತ್ತಲೇ ಇರಬೇಕಲ್ಲವೇ? ಬರುವುದಿಲ್ಲ. ಒತ್ತಿದಾಗ ಸ್ಫಟಿಕದೊಳಗಿನ ಧನ ಮತ್ತು ಋಣ ಅಯಾನುಗಳು ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ದೂರ ಸರಿದು, ಎದುರುಬದುರು ಮುಖಗಳಲ್ಲಿ ವಿದ್ಯುದಾವೇಶ ಕಾಣಿಸಿಕೊಳ್ಳುತ್ತದೆ. ತಂತಿಯ ಮೂಲಕ ಆ ಆವೇಶ ಸರಿದೂಗಿದ ಮೇಲೆ ಹರಿಯುವುದಕ್ಕೆ ಏನೂ ಉಳಿದಿರುವುದಿಲ್ಲ. ಕಲ್ಲಿನ ಬಲ ಹಾಗೆಯೇ ಇರುತ್ತದೆ, ಆದರೆ ಕಲ್ಲು ಮತ್ತಷ್ಟು ಕೆಳಗಿಳಿಯುವುದಿಲ್ಲ. ಚಲನೆಯಿಲ್ಲದ ಬಲ ಕೆಲಸ ಮಾಡುವುದಿಲ್ಲ, ಕೆಲಸವಿಲ್ಲದೆ ಶಕ್ತಿ ಬರುವುದಿಲ್ಲ. ಪೀಜೋ ಬಿಲ್ಲೆಯೊಂದಕ್ಕೆ ಎರಡು ಎಲ್‌ಇಡಿಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಕತ್ತಲ ಕೋಣೆಯಲ್ಲಿ ತಟ್ಟಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಒತ್ತಿದಾಗ ಒಂದು ಮಿನುಗುತ್ತದೆ, ಬಿಟ್ಟಾಗ ಇನ್ನೊಂದು; ಅದುಮಿ ಹಿಡಿದಿರುವಷ್ಟು ಹೊತ್ತು ಎರಡೂ ಆರಿರುತ್ತವೆ.

ವೋಲ್ಟೇಜಿನ ಅಂಕಿಗೆ ಮರುಳಾಗಬಾರದು. ಗ್ಯಾಸ್ ಲೈಟರಿನ ಸ್ಫಟಿಕ ಸಾವಿರಾರು ವೋಲ್ಟ್ ಕೊಡುತ್ತದೆ, ಆದರೆ ಆವೇಶ ಅತ್ಯಲ್ಪ. ಈ ಲೆಕ್ಕವನ್ನು ನೀವೂ ಒಮ್ಮೆ ಮಾಡಿ. ಒಂದು ನ್ಯೂಟನ್ ಬಲಕ್ಕೆ 400 ಪಿಕೊಕೂಲಂಬ್ ಆವೇಶ ಕೊಡುವ ಪಿಜೆಡ್‌ಟಿ (ಒಂದು ಬಗೆಯ ಪೀಜೋ ಸೆರಾಮಿಕ್) ಬಿಲ್ಲೆಯ ಮೇಲೆ 70 ಕಿಲೋ ತೂಕದವರು ನಿಂತರೆ, ಬಲ ಸುಮಾರು 700 ನ್ಯೂಟನ್, ಆವೇಶ 280 ನ್ಯಾನೊಕೂಲಂಬ್. ಬಿಲ್ಲೆಯ ಕೆಪಾಸಿಟೆನ್ಸ್, ಅಂದರೆ ಆವೇಶ ಹಿಡಿದಿಡುವ ಸಾಮರ್ಥ್ಯ, 20 ನ್ಯಾನೊಫ್ಯಾರಡ್ ಎಂದುಕೊಂಡರೆ ವೋಲ್ಟೇಜ್ 14, ಶಕ್ತಿ ಆವೇಶ ಮತ್ತು ವೋಲ್ಟೇಜುಗಳ ಗುಣಲಬ್ಧದ ಅರ್ಧ, ಅಂದರೆ ಸುಮಾರು 2 ಮೈಕ್ರೊಜೂಲ್. 60 ಮಿಲಿವ್ಯಾಟಿನ ಎಲ್‌ಇಡಿಗೆ ಇದು ಸೆಕೆಂಡಿನ ಹತ್ತು ಲಕ್ಷದಲ್ಲಿ 33 ಭಾಗದಷ್ಟು ಹೊತ್ತಿಗೆ ಸಾಕಾಗುತ್ತದೆ.

ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಶಕ್ತಿ ಹೆಚ್ಚುತ್ತದೆ, ನಿಜ. ಆದರೂ ನಡಿಗೆಯಿಂದ ವಿದ್ಯುತ್ ತೆಗೆಯುವ ನೆಲ ಹೆಜ್ಜೆಯಡಿ 5 ಮಿಲಿಮೀಟರ್ ತಗ್ಗಿದರೆ ಸಿಗಬಹುದಾದ ಗರಿಷ್ಠ ಶಕ್ತಿ 700 ನ್ಯೂಟನ್ ಗುಣಿಸು 0.005 ಮೀಟರ್, ಅಂದರೆ 3.5 ಜೂಲ್, ಒಂದಿಷ್ಟೂ ಪೋಲಾಗದಿದ್ದರೆ ಅದೇ ಎಲ್‌ಇಡಿ ಒಂದು ನಿಮಿಷದಷ್ಟು ಉರಿದೀತು. ಇನ್ನೂ ಹೆಚ್ಚು ಬೇಕೆಂದು ನೆಲವನ್ನು ಇನ್ನಷ್ಟು ತಗ್ಗುವಂತೆ ಮಾಡಿದರೆ, ನಡೆಯುವವರಿಗೆ ಮರಳಿನಲ್ಲಿ ಕಾಲೆಳೆದಂತಾಗುತ್ತದೆ. ಡೈನಮೊ ಪೆಡಲಿನಲ್ಲಿ ಕೈಗೆ ತಗುಲಿದ ಆ ಭಾರವೇ ಇಲ್ಲಿ ಕಾಲಿಗೆ ತಗಲುತ್ತದೆ.